ಪಕ್ಕೀರವ್ವನ ಅಂಬಲಿ, ಹರಕತ್ತ ಸಾಹೇಬನ ಚೆಂಡು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಗಾದೆ ಇದೆಯಲ್ಲ, ಅದರ ಮೊದಲರ್ಧ ಗಿಣಿಗೇರಾದ ಪಕ್ಕೀರವ್ವನದು. ಎರಡನೆಯ ಅರ್ಧ ನನ್ನದು ಎಂದು ಇಪ್ಪತ್ನಾಲ್ಕನೆಯ ವಯಸ್ಸಿನವರೆಗೂ ನಾನು ನಂಬಿಕೊಂಡಿದ್ದೆ. ಆ ನಂಬಿಕೆ ಒಂದು ಭಾನುವಾರ ಬೆಳಗಿನ ಆರೂವರೆಗೆ ಅಲುಗಾಡಿ ಸಂಜೆ ಐದೂವರೆಗೆ ಬಿದ್ದುಹೋಯಿತು. ನಡುವೆ ಹತ್ತು ಮೈಲಿ ನಡೆದೆ, ಕೋಟು ಹಾಕಿಕೊಂಡು, ಕೈಯಲ್ಲಿ ಅಂಬಲಿ ಗಡಿಗೆ ಹಿಡಿದುಕೊಂಡು. ನಗುವವರು ಈಗಲೇ ನಕ್ಕುಬಿಡಿ. ನಡುನಡುವೆ ಹಲ್ಲು ಕಿರಿದರೆ ನನಗೆ ಸಿಟ್ಟು ಬರುತ್ತದೆ.

ನನ್ನ ಹೆಸರು ವಿರುಪಣ್ಣ, ಊರು ಯಲಬುರ್ಗಾ. ತುಂಗಭದ್ರೆಗೆ ಒಡ್ಡು ಕಟ್ಟುವ ಕೆಲಸ ಆಗಷ್ಟೇ ಶುರುವಾಗಿತ್ತು, ನಾನು ಅಲ್ಲಿನ ಒಂದು ಕ್ಯಾಂಪಿನಲ್ಲಿ ಗುಮಾಸ್ತ. ಮನೆಯ ಮಾತು ಕನ್ನಡ, ಶಾಲೆಯ ಮಾತು ಉರ್ದು. ಇಂಗ್ಲಿಷನ್ನು ಮಾತ್ರ ಕುಷ್ಟಗಿಯಲ್ಲಿ ನೆಲೆನಿಂತಿದ್ದ ಒಬ್ಬ ನಿವೃತ್ತ ಸ್ಟೇಷನ್ ಮಾಸ್ತರರ ಹತ್ತಿರ ಕಲಿತೆ. ಕುಷ್ಟಗಿಗೆ ರೈಲೇ ಇಲ್ಲ, ಆದರೂ ಅವರು ನನಗೆ ಕಲಿಸಿದ ಇಂಗ್ಲಿಷಿನ ತುಂಬ ರೈಲೇ ಇತ್ತು. ಆ ಇಂಗ್ಲಿಷಿನ ಬಲದ ಮೇಲೆ ನನ್ನನ್ನು ಸಾಹೇಬನ ದುಭಾಷಿ ಮಾಡಿದ್ದರು. ಸಾಹೇಬ ಹೇಳಿದ್ದನ್ನು ಕೂಲಿಗಳಿಗೆ, ಕೂಲಿಗಳು ಹೇಳಿದ್ದನ್ನು ಸಾಹೇಬನಿಗೆ ಮುಟ್ಟಿಸುವುದು ಕೆಲಸ. ಎರಡೂ ಕಡೆ ಸಿಟ್ಟು ಬಾರದಂತೆ ಮುಟ್ಟಿಸುವುದು ನನ್ನ ಕಸಬುದಾರಿಕೆ. ಅಂದರೆ, ಬಿಚ್ಚಿ ಹೇಳಬೇಕೆಂದರೆ, ಅರ್ಧ ನುಂಗುತ್ತಿದ್ದೆ.

ಸಾಹೇಬನ ಹೆಸರು ಹಾರ್ಕೋರ್ಟ್. ಇಂಗ್ಲೆಂಡ್ ಸೀಮೆಯಿಂದ ಬಂದು ವರ್ಷವಾಗಿರಲಿಲ್ಲ, ಉರ್ದುವೂ ಬಾರದು, ಕನ್ನಡವೂ ಬಾರದು. ನಮ್ಮ ಕಡೆ ಏನೂ ತೊಂದರೆ ಇಲ್ಲ ಎನ್ನಲು 'ಏನೂ ಹರಕತ್ತಿಲ್ಲ' ಎನ್ನುತ್ತಾರೆ. ಈ ಸಾಹೇಬನಿಂದ ತೊಂದರೆ ಇತ್ತು, ಹಾಗಾಗಿ ಜನ ಅವನನ್ನು ಹರಕತ್ತ ಸಾಹೇಬ ಎಂದರು. ಮನುಷ್ಯ ಕೆಟ್ಟವನಲ್ಲ. ಆದರೆ ಸಿಟ್ಟು ಮೂಗಿನ ತುದಿಯಲ್ಲಿ, ಮತ್ತು ಆ ಮೂಗು ಬಿಸಿಲಿಗೆ ಸದಾ ಕೆಂಪಗೆ ಸುಲಿದಿರುತ್ತಿತ್ತು.

ಅವನಿಗೆ ಗಾಲ್ಫ್ ಎಂಬ ಆಟದ ಹುಚ್ಚು. ಕ್ಯಾಂಪಿಗೂ ಗಿಣಿಗೇರಾಕ್ಕೂ ನಡುವೆ ಕೆಂಪು ಗರಸಿನ ಒಂದು ಮಡ್ಡಿ ಇತ್ತು, ಉಳುಮೆಗೆ ಬಾರದ ಎತ್ತರದ ನೆಲ. ಅಲ್ಲಿ ದೂರದೂರಕ್ಕೆ ಒಂಬತ್ತು ಕುಳಿ ತೋಡಿಸಿದ. ಕುಳಿಯ ಸುತ್ತ ಎಣ್ಣೆ ಬೆರೆಸಿದ ಮರಳು ಹಾಸಿಸಿದ, ಪ್ರತಿ ಕುಳಿಗೂ ಒಂದು ನಿಶಾನೆ ನೆಡಿಸಿದ. ತಲೆ ಬಾಗಿದ ಕೋಲಿನಿಂದ ಲಿಂಬೆಹಣ್ಣಿನಷ್ಟು ಚೆಂಡನ್ನು ಹೊಡೆಯುತ್ತ ಹೊಡೆಯುತ್ತ ಕುಳಿಗೆ ಬೀಳಿಸಬೇಕು. ಕಡಿಮೆ ಹೊಡೆತದಲ್ಲಿ ಬೀಳಿಸಿದವನಿಗೆ ಆ ಕುಳಿ. "ಗೋಲಿ ಆಟ ಬಿಡು, ದೊಡ್ಡವರು ಆಡಿದ್ರ ಕೋಲು ಬೇಕಾಗತೈತಿ" ಎಂದು ಪಕ್ಕೀರವ್ವ ಮೊದಲ ದಿನವೇ ತೀರ್ಮಾನ ಕೊಟ್ಟಿದ್ದಳು.

ಪಕ್ಕೀರವ್ವನಿಗೆ ಆಗ ಐವತ್ತರ ಹತ್ತಿರ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಹನ್ನೆರಡು ಹೆಂಗಸರ ಕಳೆ ಕೀಳುವ ತಂಡಕ್ಕೆ ಅವಳು ಮುಂದಾಳು. ಗಂಗಾವತಿಯ ಗದ್ದೆಯಿಂದ ಕೊಪ್ಪಳದ ಎರೆಹೊಲದವರೆಗೆ ಯಾರ ಹೊಲದಲ್ಲಿ ಕಳೆ ಹೆಚ್ಚಾದರೂ ಮೊದಲು ಅವಳಿಗೇ ಹೇಳಿಕಳಿಸುತ್ತಿದ್ದರು. ಮಡ್ಡಿಯ ನೆಗ್ಗಿಲಮುಳ್ಳು ಕಿತ್ತು ನೆಲ ಚೊಕ್ಕಟ ಮಾಡಲು ಸಾಹೇಬನೂ ಅದೇ ತಂಡವನ್ನು ಕರೆಸಿದ್ದ. ಬೆಳಗಿನಿಂದ ಸಂಜೆಯವರೆಗೆ ಬಿಸಿಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಅವರು ಕಳೆ ಕೀಳುವ ಕುರ್ಪಿ ಆಡಿಸುತ್ತಿದ್ದರು. ಸಂಜೆಯ ಸಾಲು ಬೆಳಗಿನ ಸಾಲಿನಷ್ಟೇ ಚೊಕ್ಕಟವಾಗಿರುತ್ತಿತ್ತು. ಕಚೇರಿಯ ನೆರಳಿನಲ್ಲಿ ಕೂತ ನಾನು ಮೂರು ಗಂಟೆಗೆ ತೂಕಡಿಸುತ್ತಿದ್ದೆ. ಇದೇನಿದರ ಗುಟ್ಟು ಎಂದು ಒಮ್ಮೆ ಕೇಳಿದೆ.

"ಬದು ನೋಡಬಾರದು" ಅಂದಳು.

"ಅಂದ್ರ?"

"ಹೊಲದ ಆ ಕಡಿ ಬದು ಐತಲ್ಲ, ಅದರ ಕಡೆ ಕಣ್ಣು ಹಾಕಬಾರದು. ಅಯ್ಯ ಇನ್ನೂ ಇಷ್ಟು ದೂರ ಐತಲ್ಲ ಅಂತ ಅಂದ್ಕೊಂಡಾಕಿ ಅಲ್ಲೇ ಕುಂತಳು. ಆತು ಬಿಡು ಇನ್ನೇನು ಬಂತಲ್ಲ ಅಂತ ಅಂದ್ಕೊಂಡಾಕಿ ಪೈರು ಕೊಯ್ದಳು. ಕುರ್ಪಿ ನೋಡಬೇಕು ತಮ್ಮಾ, ಕುರ್ಪಿ ಮುಂದಿನ ಒಂದು ಮೊಳ ನೋಡಬೇಕು."

ನಾನು ತಲೆಯಾಡಿಸಿ ಮರೆತುಬಿಟ್ಟೆ. ಓದಿದವನಲ್ಲವೆ!

ಈಗ ಸಾಹೇಬನ ಸಂಕಟ ಕೇಳಿ. ಹೊಳೆಯ ಆಚೆ ದಂಡೆಯಲ್ಲಿ ಮದರಾಸು ಸರಕಾರದ ಕ್ಯಾಂಪು, ಅಲ್ಲೊಬ್ಬ ಸಾಹೇಬ. ಇಬ್ಬರೂ ಸೇರಿ ಒಂದು ಬೆಳ್ಳಿ ಬಟ್ಟಲು ಇಟ್ಟುಕೊಂಡಿದ್ದರು, ಗೆದ್ದವನ ಮನೆಯಲ್ಲಿ ಅದು ಇರಬೇಕು. ಆಟ ಎಂದರೆ ಇಡೀ ದಿನದ್ದು. ಒಂಬತ್ತು ಕುಳಿಗಳ ನಾಲ್ಕು ಸುತ್ತು, ಊಟಕ್ಕೆ ಮೊದಲು ಎರಡು, ಆಮೇಲೆ ಎರಡು. ಡಿಸೆಂಬರಿನಲ್ಲಿ ನಮ್ಮ ಸಾಹೇಬ ಸೋತ, ಜನವರಿಯಲ್ಲೂ ಸೋತ. ಎರಡು ಸಲವೂ ಬೆಳಿಗ್ಗೆ ಮುಂದಿದ್ದ, ಊಟವಾದ ಮೇಲೆ ಮುಗ್ಗರಿಸಿದ. ಕೋಲು ಬೀಸಿದರೆ ಚೆಂಡು ಕುಳಿ ಬಿಟ್ಟು ಕೊಪ್ಪಳದ ಕಡೆ ಹೋಗುತ್ತಿತ್ತು.

ಸಾಹೇಬ ತಪ್ಪನ್ನೆಲ್ಲ ಎಮ್ಮೆಗಳ ಮೇಲೆ ಹಾಕಿದ. ಮಡ್ಡಿ ಅವನದಾಗುವ ಮುಂಚೆ ಗಿಣಿಗೇರಾದ ಎಮ್ಮೆಗಳದಾಗಿತ್ತಲ್ಲ, ಅವು ಬರುವುದನ್ನು ಬಿಟ್ಟಿರಲಿಲ್ಲ. ಅದರಲ್ಲೂ ಪಕ್ಕೀರವ್ವನ ಎಮ್ಮೆ ಬೂದಿಗೆ ಎಣ್ಣೆ ಮರಳೆಂದರೆ ಜೀವ, ತಂಪಾಗಿರುತ್ತದೆಂದು ಅಲ್ಲೇ ಹೋಗಿ ನಿಲ್ಲುತ್ತಿತ್ತು. "ಬ್ಲಡಿ ಬಫೆಲೋ!" ಎಂದು ಸಾಹೇಬ ದಿನಕ್ಕೆ ನೂರು ಸಲ ಕೂಗುತ್ತಿದ್ದ. ಕಡೆಗೆ ಮಡ್ಡಿಯ ಸುತ್ತ ಮುಳ್ಳುತಂತಿಯ ಬೇಲಿ ಹಾಕಿಸಲು ಹುಕುಂ ಮಾಡಿದ. ತಂತಿಯ ಸುರುಳಿಗಳು, ಕಂಬಗಳು ಬಂದು ಆಟ ಶುರುವಾಗಿ ಮತ್ತೆ ಬಂದು ಮುಗಿಯುವ ಒಂಬತ್ತನೆಯ ಕುಳಿಯ ಪಕ್ಕ ರಾಶಿ ಬಿದ್ದವು. ಹೋಳಿ ಹುಣ್ಣಿಮೆ ಕಳೆದ ವಾರ ಭಾನುವಾರ ಮೂರನೆಯ ಆಟ, ಸೋಮವಾರ ಬೇಲಿ.

ಬೇಲಿ ಎಂದರೆ ನನಗೆ ಒಂದು ಕಾಗದ, ಅಷ್ಟೆ. ಪಕ್ಕೀರವ್ವನಿಗೆ ಹಾಗಲ್ಲ. ಅವಳ ಮಗಳು ಸಣ್ಣವ್ವ ಬಾಣಂತನಕ್ಕೆ ಬಂದವಳು ಎದೆಹಾಲು ಬತ್ತಿ ತಾಯಿಯ ಹತ್ತಿರವೇ ಉಳಿದಿದ್ದಳು, ಐದು ತಿಂಗಳ ಹೆಣ್ಣುಕೂಸು ಬೂದಿಯ ಹಾಲಿನ ಮೇಲೆ ಬದುಕಿತ್ತು. ಬೇಸಿಗೆಯಲ್ಲಿ ಹತ್ತಿರದ ಮೇವು ಅಂದರೆ ಮಡ್ಡಿಯೊಂದೇ. ಅದು ಮುಚ್ಚಿದರೆ ಹೊಳೆದಂಡೆಗೆ ನಾಲ್ಕು ಮೈಲಿ ಸುತ್ತಿ ಹೊಡೆದುಕೊಂಡು ಹೋಗಬೇಕು. ಆ ಬಿಸಿಲಿನಲ್ಲಿ ನಾಲ್ಕು ಮೈಲಿ ನಡೆದ ಎಮ್ಮೆ ಹಾಲು ಕೊಡುವುದಿಲ್ಲ, ಒದೆ ಕೊಡುತ್ತದೆ.

ಶನಿವಾರ ಸಂಜೆ ಇನ್ನೊಂದು ಫಜೀತಿಯಾಯಿತು. ಸಾಹೇಬನ ಕೋಲಿನ ಚೀಲ ಹೊರುತ್ತಿದ್ದ ಆದೆಪ್ಪ ಚೀಲವನ್ನು ನನ್ನ ಮೇಜಿನ ಮೇಲೆ ದೊಪ್ಪನೆ ಎಸೆದ.

"ಅರವತ್ತು ವರ್ಷದ ಮನಿಷ್ಯಾ ನಾ. ಮೊಮ್ಮಕ್ಕಳು ಅದಾವ ನನಗ. ಮುಂಜಾನಿಂದ ಸಂಜಿತನಕ ನನಗ 'ಪೋರ, ಪೋರ' ಅಂತಾನ! ಅದೂ ಒದರಿ ಒದರಿ! ಸಾಕಪಾ ಇವನ ಚಾಕರಿ."

ಚೆಂಡು ದಾರಿ ತಪ್ಪಿದಾಗ ಸಾಹೇಬರು 'ಫೋರ್' ಎಂದು ಕೂಗುತ್ತಾರೆ, ಎದುರಿಗಿದ್ದವರು ತಲೆ ತಗ್ಗಿಸಲಿ ಎಂದು. ಆದೆಪ್ಪ ತನ್ನನ್ನೇ ಕರೆದರೆಂದು ತಿಳಿದು ಪ್ರತಿ ಸಲವೂ ಚೆಂಡಿಗೆ ಎದುರಾಗಿ ಓಡಿಬಂದು "ಏನ್ರಿ ಸಾಹೇಬ್ರ?" ಎಂದು ನಿಲ್ಲುತ್ತಿದ್ದ. ಎರಡು ಸಲ ಭುಜಕ್ಕೆ ಪೆಟ್ಟೂ ತಿಂದಿದ್ದ.

"ಅದು ಪೋರ ಅಲ್ಲೋ ಕಾಕಾ, ಫೋರ್. ಚೆಂಡು ಬರ್ತೈತಿ, ತಲಿ ಕಾಯ್ಕೋ ಅಂತ ಅರ್ಥ."

"ಹಂಗಾರ 'ತಲಿ ಕಾಯ್ಕೋ' ಅನ್ನಾಕ ಏನು ಧಾಡಿ ಅವಗ?" ಎಂದು ಆದೆಪ್ಪ ಹೊರಟೇಹೋದ.

ಮರುದಿನ ಬೆಳಿಗ್ಗೆ ಆರೂವರೆಗೆ ಆಚೆ ದಂಡೆಯ ಸಾಹೇಬ ತನ್ನ ಆಳಿನೊಂದಿಗೆ ಬಂದು ನಿಂತ, ನಮ್ಮ ಕಡೆ ಚೀಲ ಹೊರುವವರಿಲ್ಲ. ಹರಕತ್ತ ಸಾಹೇಬನ ಮೂಗು ಆಗಲೇ ಕೆಂಪಾಗಿತ್ತು. ಆಗ ಪಕ್ಕೀರವ್ವ ಬಂದಳು. ಹಳೆಯ ಸೀರೆಯ ಚೂರಿನ ಸಿಂಬಿ ಸುತ್ತಿ ತಲೆಯ ಮೇಲಿಟ್ಟು, ಚೀಲವನ್ನು ಅಡ್ಡಡ್ಡ ಎತ್ತಿ ಅದರ ಮೇಲೆ ಇಟ್ಟುಕೊಂಡಳು. ಕೈ ಹಿಡಿಯಲೂ ಇಲ್ಲ. ಹದಿನಾಲ್ಕು ಕೋಲಿನ ಚೀಲ ಅಲುಗದೆ ಕೂತಿತು. ಆಮೇಲೆ ನನ್ನ ಕಡೆ ತಿರುಗಿದಳು.

"ತಮ್ಮಾ, ಸಾಹೇಬಗ ಹೇಳು. ಇವತ್ತ ನಾ ಕೊಟ್ಟಿದ್ದ ಉಣ್ಣಲಿ, ನಾ ನಡದಂಗ ನಡೀಲಿ. ಕೈಯಾಗ ಏನೂ ದೋಷ ಇಲ್ಲ ಅವಂದು, ದೋಷ ಇರೋದು ಹೊಟ್ಟ್ಯಾಗ. ಮಧ್ಯಾಹ್ನ ಕುರಿ ನುಂಗಿ ಬಂದು ಕೋಲು ಬೀಸ್ತಾನ. ಹೆಬ್ಬಾವು ಎಲ್ಯಾರ ಕಳೇವು ತಗೀತೈತೇನು? ಸಂಜಿಗೆ ಗೆದ್ದರ ಈ ಬೇಲಿ ಹಾಕಬಾರದು, ನನ್ನ ಎಮ್ಮಿ ಇಲ್ಲೇ ಮೇಯಬೇಕು. ಮನ್ಯಾಗ ಕೂಸು ಅದರ ಹಾಲಿನ ಮ್ಯಾಲ ಐತಿ. ಸೋತರ ಹಾಕ್ಲಿ, ನಾ ತುಟಿ ಬಿಚ್ಚಂಗಿಲ್ಲ. ಒಪ್ಪತಾನೇನು ಕೇಳು."

ಅತ್ತ ದರಿ, ಇತ್ತ ಪುಲಿ. ಹಿಂದಿನ ದಿನವೇ ಬೂದಿ ಸಾಹೇಬನ ಚೆಂಡನ್ನು ತುಳಿದು ಗರಸಿನಲ್ಲಿ ಹೂತುಹಾಕಿತ್ತು, ಆಗ ಅವನು ಬೀಸಿ ಒಗೆದ ಕೋಲು ನನ್ನ ಕಿವಿಯ ಪಕ್ಕದಿಂದ ಹೋಗಿತ್ತು. ಅಂಥವನ ಎದುರಿಗೆ, ಬೆಳಗಿನ ಆರೂವರೆಗೆ, ಎಮ್ಮೆಯ ಹೆಸರು ಎತ್ತುವ ಗಂಡಸು ಯಾರು? ನಾನಂತೂ ಅಲ್ಲ. ಊಟದ ಮಾತನ್ನು ಮಾತ್ರ ದಾಟಿಸಿದೆ: "ಸರ್, ಸ್ಟಮಕ್ ಓವರ್‌ಲೋಡ್, ಇಂಜಿನ್ ಸ್ಲೋ. ಟುಡೇ ಲೈಟ್ ಗೂಡ್ಸ್ ಓನ್ಲಿ." ಸಾಹೇಬ ಹುಬ್ಬು ಗಂಟಿಕ್ಕಿದ, ನಕ್ಕ, ಎರಡು ಸೋಲು ನೆನಪಾಗಿ ಸರಿ ಎಂದ. ಬೇಲಿಯ ಮಾತಿಗೆ ಬಂದಾಗ ನನ್ನ ನಾಲಿಗೆ ತಾನೇ ತಿರುಗಿತು: "ಆಲ್ಸೋ ಷಿ ವಿಲ್ ಪ್ರೇ ಫಾರ್ ಯು, ಸರ್. ಪರ್ಮಿಷನ್?"

"ಸರ್ಟನ್ಲಿ, ಸರ್ಟನ್ಲಿ!" ಎಂದ ಸಾಹೇಬ.

"ಏನಂದ?" ಎಂದಳು ಪಕ್ಕೀರವ್ವ.

"ಆತಂತ."

ಅವಳು ನನ್ನ ಮುಖವನ್ನು ತುಸು ಹೊತ್ತು ನೋಡಿದಳು. ಆಮೇಲೆ "ಛಲೋ ಆತು" ಎಂದು ಅಂಬಲಿ ಗಡಿಗೆಯನ್ನು ನನ್ನ ಕೈಗೆ ಕೊಟ್ಟಳು. "ನನ್ನ ತಲಿ ತುಂಬೈತಿ, ಇದನ್ನ ನೀ ಹಿಡಿ."

ಹೀಗೆ ಮೆರವಣಿಗೆ ಹೊರಟಿತು. ಮುಂದೆ ಪಕ್ಕೀರವ್ವ, ಹಿಂದೆ ಸಾಹೇಬ, ಅವನ ಹಿಂದೆ ಗಡಿಗೆ ಹಿಡಿದ ನಾನು. ಸಾಹೇಬ ದಾಪುಗಾಲು ಹಾಕಿ ಮುಂದೆ ಹೋಗಲು ನೋಡಿದರೆ ಕೋಲುಗಳು ಅವಳ ತಲೆಯ ಮೇಲಿದ್ದವು. ಅವಳು ಬರುವವರೆಗೆ ಅವನು ಕಾಯಲೇಬೇಕು. ಎರಡು ಕುಳಿ ಆಗುವಷ್ಟರಲ್ಲಿ ಅವಳ ಎತ್ತಿನ ನಡಿಗೆ ಅವನಿಗೂ ಬಂತು. ಪ್ರತಿ ಎರಡು ಕುಳಿಗೊಮ್ಮೆ ಅಂಬಲಿ. ಜೋಳದ ಹಿಟ್ಟು ಕುದಿಸಿ ಹುಳಿ ಬರಿಸಿ, ಮಜ್ಜಿಗೆ, ಉಪ್ಪು, ಜಜ್ಜಿದ ಉಳ್ಳಾಗಡ್ಡಿ ಹಾಕಿದ್ದಳು. ಗುಟುಕು ಗುಟುಕಾಗಿ ಒಂದೇ ಬಟ್ಟಲು, ಇನ್ನೂ ಬೇಕೆಂದರೆ ಇಲ್ಲ. ಬಾಯಲ್ಲಿ ಒಂದು ಹರಳು ಬೆಲ್ಲ, ನಾಲ್ಕು ಹುರಿದ ಶೇಂಗಾ. ಟೊಪ್ಪಿಗೆಯ ಕೆಳಗೆ ಒದ್ದೆ ಅರಿವೆ. ಸಾಹೇಬನಿಗೆ ಬಟ್ಟಲು ಕೊಟ್ಟಾಗಲೆಲ್ಲ ನನಗೂ ಒಂದು ಕೊಡುತ್ತಿದ್ದಳು. "ಕುಡಿ ತಮ್ಮಾ, ನಿನಗೂ ದಾರಿ ಉದ್ದ ಐತಿ." ಹೊರುವವನ ಮೇಲೆ ಕರುಣೆ ಎಂದುಕೊಂಡು ಕುಡಿದೆ.

ಸಾಹೇಬನ ದೊಡ್ಡ ರೋಗ ಬೇರೆಯದೇ. ಚೆಂಡು ಹೊಡೆಯುವ ಮೊದಲೇ ದೂರದ ನಿಶಾನೆಯ ಕಡೆ ಕತ್ತು ಎತ್ತುತ್ತಿದ್ದ. ಕತ್ತು ಎತ್ತಿದರೆ ಕೋಲು ನೆಲಕ್ಕೆ, ನೆಲದ ಗರಸು ನನ್ನ ಮುಖಕ್ಕೆ. ನಾಲ್ಕನೆಯ ಕುಳಿಯಲ್ಲಿ ಪಕ್ಕೀರವ್ವನಿಗೆ ತಡೆಯಲಾಗಲಿಲ್ಲ.

"ಅಯ್ಯ ಬದು ನೋಡಬ್ಯಾಡೋ ಯಪ್ಪಾ! ಕುರ್ಪಿ ನೋಡು, ಕುರ್ಪಿ!"

ಸಾಹೇಬ ನನ್ನ ಕಡೆ ನೋಡಿದ. ಬದುವಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ಆ ಸ್ಟೇಷನ್ ಮಾಸ್ತರ ಕಲಿಸಿದ್ದರೆ ತಾನೆ? "ಸರ್, ಡೋಂಟ್ ಸೀ ಟರ್ಮಿನಸ್. ಸೀ ಪ್ಲಾಟ್‌ಫಾರ್ಮ್." ಸಾಹೇಬ ಕಣ್ಣು ಪಿಳಿಪಿಳಿ ಬಿಟ್ಟ. ಪಕ್ಕೀರವ್ವ ಸೀದಾ ಹೋಗಿ ಅವನ ಕೋಲಿನ ತುದಿಯನ್ನು ಬೆರಳಿನಿಂದ ಮುಟ್ಟಿ ತೋರಿಸಿ "ಕುರ್ಪಿ" ಎಂದಳು.

"ಕುರ್ಪಿ" ಎಂದ ಸಾಹೇಬ ನಿಧಾನವಾಗಿ. ಕಣ್ಣು ಕೆಳಗಿಟ್ಟು ಹೊಡೆದ. ಠಣ್ ಎಂದು ಚೆಂಡು ಹಾರಿ ನಿಶಾನೆಯ ಬುಡಕ್ಕೆ ಹೋಗಿ ಬಿತ್ತು. ಅಲ್ಲಿಂದ ಮುಂದೆ ಪ್ರತಿ ಹೊಡೆತಕ್ಕೂ ಮುಂಚೆ "ಕುರ್ಪಿ, ಕುರ್ಪಿ" ಎಂದು ಗೊಣಗತೊಡಗಿದ. ಆಚೆ ದಂಡೆಯ ಸಾಹೇಬ ಮೊದಲು ನಕ್ಕ, ಆಮೇಲೆ ಇದು ನಮ್ಮ ಕಡೆಯ ಯಾವುದೋ ಮಂತ್ರವೇ ಎಂದು ನನ್ನನ್ನು ಗುಟ್ಟಾಗಿ ಕೇಳಿದ. ಹೌದೆಂದೆ. ಒಂದು ಸುಳ್ಳಿಗೆ ಇನ್ನೊಂದು ಜೊತೆಯಾಯಿತು.

ಹೊಡೆತ ತಪ್ಪಿದಾಗ ಸಾಹೇಬ ಅದನ್ನೇ ಹಿಡಿದುಕೊಂಡು ಅಳಲು ಹೋದರೆ ಪಕ್ಕೀರವ್ವ ಬಾಯಿಗೆ ಬೆಲ್ಲ ತುರುಕುತ್ತಿದ್ದಳು. "ಕೊಯ್ದ ಪೈರು ಹಿಂದ ಬಿತ್ತು, ನಡಿ." ಬೆಲ್ಲ ತುಂಬಿದ ಬಾಯಿಯಿಂದ ಯಾರನ್ನೂ ಬೈಯಲಾಗದು. ಸಾಹೇಬನ ಜೊತೆಗಿದ್ದ ಒಂಬತ್ತು ತಿಂಗಳಲ್ಲಿ ನನಗೆ ಹೊಳೆಯದ ಉಪಾಯ ಅದು.

ಇಷ್ಟೆಲ್ಲ ಚೆನ್ನಾಗಿ ನಡೆದಂತೆಲ್ಲ ನಾನು ಮುಂದಿನದನ್ನು ಲೆಕ್ಕ ಹಾಕತೊಡಗಿದೆ. ಸಾಹೇಬ ಗೆದ್ದರೆ? ಪಕ್ಕೀರವ್ವ ಬೇಲಿಯ ಮಾತು ಎತ್ತುತ್ತಾಳೆ. ಅವನು ಕೊಡದ ಮಾತನ್ನು 'ಕೊಟ್ಟಿದ್ದೆಯಲ್ಲ' ಎಂದು ಅವನನ್ನೇ ಕೇಳುತ್ತಾಳೆ. ಆಗ ನನ್ನ ಗತಿ? ಮುಚ್ಚುಮರೆ ಯಾಕೆ, ಆರನೆಯ ಕುಳಿಯಿಂದ ನಾನು ಸಾಹೇಬ ಸೋಲಲಿ ಎಂದು ಎಲ್ಲ ದೇವರಿಗೂ ಹರಕೆ ಹೊರುತ್ತಿದ್ದೆ. ಅವನ ಅಂಬಲಿ ಹೊತ್ತುಕೊಂಡು ಅವನ ಸೋಲು ಬೇಡಿದ ನನ್ನಂಥ ನಿಮಕ್‌ಹರಾಮ ಇನ್ನೊಬ್ಬನಿರಲಿಕ್ಕಿಲ್ಲ.

ಮಧ್ಯಾಹ್ನಕ್ಕೆ ಸಾಹೇಬ ಮೂರು ಕುಳಿ ಮುಂದಿದ್ದ. ಡೇರೆಯಲ್ಲಿ ಬಂಗಲೆಯ ಅಡುಗೆಯ ಹಸನಬೀ ಕುರಿಮಾಂಸದ ಪಲಾವು, ಕೋಳಿ, ತುಪ್ಪದ ಹಲ್ವಾ ಸಜ್ಜು ಮಾಡಿ ನಿಂತಿದ್ದಳು. ಸಾಹೇಬ ಆ ಕಡೆ ಆಸೆಯಿಂದ ನೋಡಿ ಬೇವಿನ ನೆರಳಿಗೆ ಹೋಗಿ ಪಕ್ಕೀರವ್ವನ ಎದುರು ಕೂತ. ಅರ್ಧ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಅಷ್ಟೇ. ಹಸನಬೀ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನನ್ನ ಪಲಾವು ಬಿಟ್ಟು ಆಕೀ ರೊಟ್ಟಿ ತಿಂತಾನ? ಯಾ ಅಲ್ಲಾ! ಆತು, ಬಂದ ಮೆಹಮಾನನಾದರೂ ಉಣ್ಣಲಿ."

ಸಿಟ್ಟಿನ ಮೇಲೆ ಅವಳು ಇಬ್ಬರ ಊಟವನ್ನೂ ಆಚೆ ದಂಡೆಯ ಸಾಹೇಬನ ತಟ್ಟೆಗೇ ಬಡಿಸಿದಳು. ಅವನು ಬೇಡವೆನ್ನಲಿಲ್ಲ, ಹಲ್ವಾ ಎರಡು ಸಲ ಹಾಕಿಸಿಕೊಂಡ.

ಆ ಹೊತ್ತಿಗೆ ಸಣ್ಣವ್ವ ಹೊಸ ಗಡಿಗೆ ಅಂಬಲಿ ತಂದಳು, ಕೂಸು ಕಂಕುಳಲ್ಲಿ. ಪಕ್ಕೀರವ್ವ ಕೂಸನ್ನು ನನ್ನ ತೊಡೆಯ ಮೇಲಿಟ್ಟು ಸಾಹೇಬನ ಟೊಪ್ಪಿಗೆಯ ಅರಿವೆ ಒದ್ದೆ ಮಾಡಲು ಹೋದಳು. ಕೂಸು ನನ್ನ ಕೋಟಿನ ಗುಂಡಿ ಹಿಡಿದು ಬಾಯಿಗಿಟ್ಟುಕೊಂಡು ಚೀಪಿತು. ಅದರ ಕೆನ್ನೆ ಗುಂಡಗಿತ್ತು, ಬಾಯಿಯಿಂದ ಎಮ್ಮೆಹಾಲಿನ ವಾಸನೆ ಬರುತ್ತಿತ್ತು. ನನಗೆ ನಾಚಿಕೆಯಾಯಿತು. ಇಷ್ಟು ನಾಚಿಕೆ ನನ್ನ ಜನ್ಮದಲ್ಲಿ ಆಗಿರಲಿಲ್ಲ. ಈ ಕೂಸಿನ ಹಾಲು ಹೋಗಲಿ ಎಂದು ನಾನು ಬೆಳಗಿನಿಂದ ಹರಕೆ ಹೊತ್ತಿದ್ದೆನಲ್ಲ! ಹೊತ್ತ ಹರಕೆಗಳನ್ನೆಲ್ಲ ಅಲ್ಲೇ ವಾಪಸು ತೆಗೆದುಕೊಂಡೆ, ದೇವರುಗಳು ಏನು ಬೇಕಾದರೂ ತಿಳಿದುಕೊಳ್ಳಲಿ.

ಮೂರನೆಯ ಸುತ್ತಿನಲ್ಲಿ ಆಚೆ ದಂಡೆಯ ಸಾಹೇಬನ ಹೊಟ್ಟೆಯಲ್ಲಿ ಹಸನಬೀಯ ಪಲಾವು ಕೆಲಸ ಮಾಡಿತು. ಅವನು ಕೋಲೂರಿ ನಿಂತಲ್ಲೇ ಆಕಳಿಸುತ್ತಿದ್ದ. ನಮ್ಮ ಸಾಹೇಬ ಆರು ಕುಳಿ ಮುಂದೆ ಹೋದ. ಅಲ್ಲಿಗೇ ಕೆಟ್ಟಿತು ನೋಡಿ. ಗೆದ್ದೆ ಎಂದು ಅವನಿಗೆ ಅನ್ನಿಸಿಬಿಟ್ಟಿತು. ಬೆಳ್ಳಿ ಬಟ್ಟಲನ್ನು ಬಂಗಲೆಯ ಯಾವ ಗೂಡಿನಲ್ಲಿಡಬೇಕು, ಹೆಂಡತಿಗೆ ಪತ್ರ ಹೇಗೆ ಬರೆಯಬೇಕು ಎಂದು ನನಗೆ ಹೇಳುತ್ತ ನಡೆದ. ಪಕ್ಕೀರವ್ವ ಏನಂತೆ ಎಂದು ಕೇಳಿದಳು. ಹೇಳಿದೆ.

"ಸತ್ತ್ಯೋ!" ಎಂದಳು. "ಬದು ನೋಡಿದ."

ಕೊನೆಯ ಸುತ್ತಿನಲ್ಲಿ ಒಂದು ಕುಳಿ ಹೋಯಿತು, ಎರಡು, ಮೂರು. ಅತ್ತ ಆಚೆ ದಂಡೆಯವನು ಪಲಾವು ಅರಗಿಸಿಕೊಂಡು ಎಚ್ಚರಾದ. ಇತ್ತ ನಮ್ಮವನು ಕುರ್ಪಿಯನ್ನು ಮರೆತು ನಿಶಾನೆ ನೋಡಿದ, ಆಕಾಶ ನೋಡಿದ, ನನ್ನನ್ನು ನೋಡಿ ಹಲ್ಲು ಕಡಿದ. ಎಂಟನೆಯ ಕುಳಿ ಮುಗಿದಾಗ ಇಬ್ಬರೂ ಸರಿಸಮ. ಉಳಿದದ್ದು ಒಂದೇ ಕುಳಿ. ಅದರ ಪಕ್ಕದಲ್ಲೇ ತಂತಿಯ ರಾಶಿ ಸಂಜೆ ಬಿಸಿಲಿಗೆ ಮಿಂಚುತ್ತಿತ್ತು.

ಇಬ್ಬರ ಚೆಂಡುಗಳೂ ಅಷ್ಟಷ್ಟೇ ಹೊಡೆತದಲ್ಲಿ ಕೊನೆಯ ಕುಳಿಯ ಮರಳಿನ ಮೇಲೆ ಬಂದು ನಿಂತವು. ನಮ್ಮದು ಕುಳಿಗೆ ಆರು ಮೊಳ, ಅವರದು ನಾಲ್ಕು. ಮೊದಲು ಹೊಡೆಯಬೇಕಾದವನು ನಮ್ಮ ಸಾಹೇಬ. ಅವನು ಕೋಲು ಹಿಡಿದು ಬಗ್ಗಿದ, ಸರಿಯಾಗಿ ಅದೇ ವೇಳೆಗೆ ಬೂದಿ ಬಂದಿತು. ನಿಧಾನವಾಗಿ, ಮನೆಗೆ ಬಂದ ಅತ್ತೆಯಂತೆ ಬಂದು, ಚೆಂಡಿಗೂ ಕುಳಿಗೂ ನಡುವೆ ತಣ್ಣನೆಯ ಮರಳಿನ ಮೇಲೆ ನಿಂತುಕೊಂಡಿತು.

ನಾನು ಗಡಿಗೆ ಅವುಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದೆ. ಸಾಹೇಬನ ಮೂಗು, ಕಿವಿ, ಕತ್ತು ಎಲ್ಲ ಕೆಂಪಾಯಿತು. "ಬ್ಲಡಿ..." ಎಂದು ಬಾಯಿ ತೆರೆದ. ಪಕ್ಕೀರವ್ವ ಬಾಯಿಗೆ ಬೆಲ್ಲ ಹಾಕಿದಳು.

"ಕುಂದ್ರು" ಎಂದು ತಲೆಯ ಮೇಲಿನ ಚೀಲ ಇಳಿಸಿ ನೆಲಕ್ಕಿಟ್ಟಳು. "ಅದು ತಾನಾಗಿ ಹೋಗತೈತಿ. ಹೊಡದ್ರ ಹೋಗಂಗಿಲ್ಲ. ನೀ ಅಂಬಲಿ ಕುಡಿ."

ಇದಕ್ಕೆ ತರ್ಜುಮೆ ಬೇಕಾಗಲಿಲ್ಲ. ಸಾಹೇಬ ಚೀಲದ ಮೇಲೆ ಕೂತ. ನಾನು ಗಡಿಗೆಯ ತಳದಲ್ಲಿದ್ದ ಕೊನೆಯ ಎರಡು ಬಟ್ಟಲು ಬಗ್ಗಿಸಿದೆ, ಒಂದು ಅವನಿಗೆ, ಒಂದು ನನಗೆ. ಆಚೆ ದಂಡೆಯ ಸಾಹೇಬನಿಗೆ ತಾಳ್ಮೆ ಇರಲಿಲ್ಲ. ಚಪ್ಪಾಳೆ ತಟ್ಟಿದ, ಟೊಪ್ಪಿಗೆ ಬೀಸಿದ, ಹುಷ್ ಹುಷ್ ಎಂದು ಸುತ್ತ ಕುಣಿದ. ಬೂದಿ ಅವನನ್ನು ನೋಡುತ್ತ ಮೆಲುಕು ಹಾಕಿತು. ಹತ್ತು ನಿಮಿಷ ಹೀಗೇ ನಡೆಯಿತು. ನಮ್ಮವನ ಉಸಿರು ಸಮವಾಯಿತು, ಮೂಗಿನ ಕೆಂಪು ಇಳಿಯಿತು. ಅವನು ಬೂದಿಯನ್ನು ನೋಡುತ್ತ ಮೊದಲ ಬಾರಿಗೆ ಸುಮ್ಮನೆ ಕೂತಿದ್ದ. ಆಮೇಲೆ ಬೂದಿ ಬಾಲ ಎತ್ತಿ, ಪುಣ್ಯಕ್ಕೆ ದಾರಿಯ ಪಕ್ಕಕ್ಕೇ ಕೆಲಸ ಮುಗಿಸಿ, ಮನೆಯ ಕಡೆ ನಡೆಯಿತು.

ಸಾಹೇಬ ಎದ್ದ. "ಕುರ್ಪಿ" ಎಂದ. ಚೆಂಡು ಉರುಳಿ ಉರುಳಿ ಟಕ್ಕನೆ ಕುಳಿಗೆ ಬಿತ್ತು. ಕುಣಿದು ಸುಸ್ತಾದ ಆಚೆ ದಂಡೆಯವನ ಚೆಂಡು ಕುಳಿಯ ಅಂಚು ಸುತ್ತಿ ಹೊರಗೆ ನಿಂತಿತು.

ಗೆದ್ದೆವು! ನಾನು ಗಡಿಗೆ ಹಿಡಿದುಕೊಂಡೇ ಜಿಗಿದೆ. ಜಿಗಿದು ಕೆಳಗೆ ಬರುವಷ್ಟರಲ್ಲಿ ನನ್ನ ಪಾಲಿನ ಕುಳಿ ನೆನಪಾಯಿತು.

ಸಾಹೇಬ ಪಕ್ಕೀರವ್ವನ ಎರಡೂ ಕೈ ಹಿಡಿದು ಕುಲುಕಿದ. "ಅವಳಿಗೇನು ಬೇಕು ಕೇಳು, ವಿರುಪಣ್ಣ."

"ಏನು ಬೇಕಂತ ಕೇಳ್ತಾನ" ಎಂದೆ, ಕಣ್ಣು ನೆಲದಲ್ಲಿಟ್ಟು.

"ಮುಂಜಾನಿ ಒಪ್ಪಿದ್ದು" ಎಂದಳು. ಅಷ್ಟೇ ಹೇಳಿ ನನ್ನನ್ನೇ ನೋಡುತ್ತ ನಿಂತಳು.

ಇನ್ನೊಂದು ಸುಳ್ಳು ಹೇಳಬಹುದಿತ್ತು. ಸೀರೆ ಬೇಕಂತೆ ಎಂದಿದ್ದರೆ ಸಾಹೇಬ ಸೀರೆ ಕೊಡುತ್ತಿದ್ದ, ಅವಳಿಗೆ ಸಾಹೇಬ ಮಾತು ತಪ್ಪಿದ ಎನ್ನಬಹುದಿತ್ತು. ಆ ಮಾತು ತುಟಿಯವರೆಗೆ ಬಂದಿತ್ತು. ಕೋಟಿನ ಗುಂಡಿಯ ಮೇಲೆ ಕೂಸಿನ ಜೊಲ್ಲು ಒಣಗಿ ಅಂಟಿಕೊಂಡಿತ್ತು. ನಾನು ಅದನ್ನು ನೋಡಿಕೊಂಡು ಬಾಯಿ ತೆರೆದೆ. "ಸರ್, ಬಫೆಲೋ" ಎಂದು ಶುರುಮಾಡಿ ಬೆಳಗಿನ ಅವಳ ಮಾತನ್ನು ಮೊದಲಿನಿಂದ ಕಡೆಯವರೆಗೆ, ಬೇಲಿ, ಮೇವು, ಹಾಲು, ಕೂಸು, ಹೆಬ್ಬಾವನ್ನೂ ಬಿಡದೆ ಹೇಳಿದೆ. ನಾನು ಅದನ್ನು ನುಂಗಿ ಬೇರೆ ಹೇಳಿದ್ದನ್ನೂ ಹೇಳಿದೆ. ರೈಲಿನ ಒಂದು ಮಾತೂ ಬರಲಿಲ್ಲ.

ಸಾಹೇಬ ತಂತಿಯ ರಾಶಿ ನೋಡಿದ. ದೂರ ಹೋಗುತ್ತಿದ್ದ ಬೂದಿಯನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ, ಆ ನೋಟವನ್ನು ಮಾತ್ರ ಇಂದಿಗೂ ಮರೆತಿಲ್ಲ.

"ಅದಕ್ಕೆ ಬೆಳಿಗ್ಗೆ ನಾನು ಏನೆಂದೆ?"

"ಸರ್ಟನ್ಲಿ ಅಂದ್ರಿ, ಸರ್. ಎರಡು ಸಲ."

ಆಚೆ ದಂಡೆಯ ಸಾಹೇಬ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ನಮ್ಮ ಸಾಹೇಬ ನಗಲಿಲ್ಲ. ಟೊಪ್ಪಿಗೆ ತೆಗೆದು ಪಕ್ಕೀರವ್ವನ ಕಡೆ ತಿರುಗಿ, ನನ್ನ ನೆರವಿಲ್ಲದೆ ತಾನೇ ಹೇಳಿದ: "ಸರ್ಟನ್ಲಿ."

ನನ್ನ ಶಿಕ್ಷೆಯನ್ನೂ ಅಲ್ಲೇ ಹೇಳಿದ. ಮೈದಾನದ ಕಾಯಿದೆ ಪುಸ್ತಕಕ್ಕೆ ಹೊಸ ಕಲಮು ಸೇರಿಸಿ, ಇಂಗ್ಲಿಷ್, ಉರ್ದು, ಕನ್ನಡ ಮೂರರಲ್ಲೂ ನನ್ನ ಕೈಬರಹದಲ್ಲಿ ಬರೆದು ಹಚ್ಚಬೇಕು: 'ಎಮ್ಮೆಯು ಈ ಮೈದಾನದ ಸಹಜ ಅಂಗವಾಗಿದೆ. ಅದು ತಾನಾಗಿ ಸರಿಯುವವರೆಗೆ ಆಟಗಾರನು ಕುಳಿತು ಕಾಯತಕ್ಕದ್ದು.' ಅಕ್ಷರ ಸೊಟ್ಟಗಾಯಿತೆಂದು ಮೂರು ಸಲ ಬರೆಸಿದ. ತಂತಿ ಮಾಲುಗೋದಾಮಿಗೆ ಹೋಯಿತು. ಆದೆಪ್ಪನೂ ಮರಳಿ ಬಂದ. ಅವನಿಗಾಗಿ ಸಾಹೇಬ 'ತಲಿ ಕಾಯ್ಕೋ' ಎಂದು ಕೂಗಲು ಕಲಿತ.

ಆ ಸಂಜೆ ಬರಿದಾದ ಗಡಿಗೆಗಳನ್ನು ಹೊತ್ತು ಪಕ್ಕೀರವ್ವನ ಜೊತೆ ಗಿಣಿಗೇರಾದವರೆಗೆ ನಡೆದೆ. ಕ್ಷಮೆ ಕೇಳಬೇಕಿತ್ತು. ಊರ ಬಾವಿಯ ಹತ್ತಿರ ಹೇಗೋ ಬಾಯಿಬಿಟ್ಟೆ.

"ಎಕ್ಕಾ, ಮುಂಜಾನಿ ನಾ ನಿನಗ ಸುಳ್ಳು ಹೇಳಿದೆ."

"ಗೊತ್ತಿತ್ತು."

"ಗೊತ್ತಿತ್ತಾ? ನಿನಗೆಲ್ಲಿ ಇಂಗ್ಲಿಷ್ ಬರತೈತಿ?"

"ಒಂದು ಮಾತು ಬರತೈತಿ" ಎಂದಳು. "ದಿನಾ ನೂರು ಸಲ ನನ್ನ ಎಮ್ಮಿಗೆ 'ಬಫೆಲೋ, ಬಫೆಲೋ' ಅಂತ ಬೈತಾನ. ನಾ ಎಮ್ಮಿ ಮಾತು ಹೇಳಿದೆ, ನೀ ಹೇಳಿದ್ರಾಗ ಬಫೆಲೋ ಬರಲೇ ಇಲ್ಲ."

ನಾನು ನಿಂತುಬಿಟ್ಟೆ. "ಮತ್ತ ಆಗ ಯಾಕ ಸುಮ್ಮನಿದ್ದಿ? ಇಡೀ ದಿನ ಯಾಕ ನಡದಿ?"

"ಆಗ ಕೇಳಿದ್ರ ನೀ ಓಡಿಹೋಗ್ತಿದ್ದಿ. ಮುಂಜಾನಿ ನಿನ್ನ ಮಾರಿಯಾಗ ಕಸುವು ಇರಲಿಲ್ಲ." ಅವಳು ನನ್ನ ಕೈಯಿಂದ ಗಡಿಗೆಗಳನ್ನು ಇಸಿದುಕೊಂಡಳು. "ಸಾಹೇಬಂದು ಚೆಂಡು ಕುಳಿಗೆ ಬಿದ್ದರ ನನಗೇನು ಬರತೈತಿ ತಮ್ಮಾ? ನನಗ ಬೇಕಾಗಿದ್ದು ನಿನ್ನ ಬಾಯಾಗಿಂದ ಒಂದು ಮಾತು ಬೀಳೋದು. ಅವಗೊಂದು ಬಟ್ಟಲು ಕೊಟ್ಟಾಗೆಲ್ಲ ನಿನಗೂ ಒಂದು ಬಟ್ಟಲು ಅಂಬಲಿ ಯಾಕ ಕುಡಿಸಿದೆ ಅಂತೀ?"

ಹಿತ್ತಲಲ್ಲಿ ಬೂದಿ ಒದರಿತು, ಕೂಸೂ ಅಳುತ್ತಿತ್ತು. ಹಾಲು ಕರೆಯುವ ಹೊತ್ತಾಯಿತು ಎಂದು ಅವಳು ಒಳಗೆ ಹೋದಳು.